ಐಸ್ ಪೆಟ್ಟಿಗೆಯ ಗಂಜಿ

ಲಕ್ಕಿ ಅಂಗಳದ ಅಂಚಿನಲ್ಲಿ ನಿಂತು ಮೂರನೆಯ ಕೊಡವನ್ನೂ ಬಗ್ಗಿಸಿದಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು, ಬೇಯಿಸಿಟ್ಟ ಅನ್ನ ಒಂದೂ ಉಳಿಯಬಾರದು ಎಂಬುದು ತೆಂಗಿನಗುಂಡಿಯ ಆ ಕೇರಿಯ ರೂಢಿ. ನೀರು ಸುಮ್ಮನೆ ಹೋಗದೆ ತೆಂಗಿನ ಬುಡ ಸೇರುವುದನ್ನು ನೋಡಿ ಸುಚಿತಾ, ಇದಕ್ಕಾದರೆ ಅತ್ತೆ ಒಪ್ಪುತ್ತಿದ್ದಳು ಅಂದುಕೊಂಡಳು.

"ಒಳಗೆ ಬೇಯ್ಸದ್ದು ಎಂತಾದ್ರೂ ಅದ್ಯಾ?" ಲಕ್ಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು. ಮೂವತ್ತು ವರ್ಷ ಸುಚಿತಾಳ ಅತ್ತೆ ಮಂಜಿಯ ಪಕ್ಕದಲ್ಲೇ ಕೂತು ಮೀನು ಮಾರಿದವಳು. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು.

ನೋಡುತ್ತೇನೆ ಎಂದು ಸುಚಿತಾ ಅಡುಗೆಮನೆಗೆ ಹೋದಳು. ನೋಡುವುದು ಏನೂ ಇರಲಿಲ್ಲ, ಅವಳಿಗೆ ಗೊತ್ತೇ ಇತ್ತು. ಮೂಲೆಯಲ್ಲಿ ಹಳೆಯ ಕಂಬಳಿ ಹೊದ್ದ ಬಿಳಿ ಥರ್ಮಾಕೋಲ್ ಪೆಟ್ಟಿಗೆ ಕೂತಿತ್ತು. ಬಂದರಿನಲ್ಲಿ ಐಸು ಹಾಕಿ ಮೀನು ತುಂಬುತ್ತಾರಲ್ಲ, ಅದೇ ಪೆಟ್ಟಿಗೆ. ಕಂಬಳಿ ಸರಿಸಿ ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿದಳು. ಹಬೆ ಮುಖಕ್ಕೆ ಬಂತು. ಒಳಗೆ ಹನ್ನೆರಡು ಆಳಿಗಾಗುವಷ್ಟು ಕುಚ್ಚಲಕ್ಕಿ ಗಂಜಿ ತನ್ನ ಪಾಡಿಗೆ ಬೇಯುತ್ತಿತ್ತು. ಅದನ್ನು ಬೇಯಲಿಟ್ಟ ಮಂಜಿ ನಡುಮನೆಯ ಚಾಪೆಯ ಮೇಲೆ ತಣ್ಣಗೆ ಮಲಗಿದ್ದಳು.

ಅಂದು ಹೆಂಚಿನ ದಿನ. ಮಳೆಗಾಲಕ್ಕೆ ಮೊದಲು ಮಾಡಿನ ಹೆಂಚು ಇಳಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸಬೇಕು. ಆ ಕೇರಿಯಲ್ಲಿ ಅದಕ್ಕೆ ಸಂಬಳದ ಆಳು ಕರೆಯುವುದಿಲ್ಲ. ಇವತ್ತು ಇವರ ಮಾಡಿಗೆ ಅವರು ಹತ್ತುತ್ತಾರೆ, ನಾಳೆ ಅವರ ಮಾಡಿಗೆ ಇವರು. ಮನೆಯವರು ಹೊಟ್ಟೆ ತುಂಬ ಗಂಜಿ ಹಾಕಿದರೆ ಆಯಿತು. ಮಂಜಿ ಹನ್ನೆರಡು ಮನೆಗೆ ತಾನೇ ಹೋಗಿ ಹೇಳಿ ಬಂದಿದ್ದಳು. ನಾಲ್ಕಕ್ಕೆ ಎದ್ದು, ಹಿತ್ತಿಲ ಒಲೆಯಲ್ಲಿ ತೆಂಗಿನ ಕರಟ ಉರಿಸಿ, ಗಂಜಿ ಕುದಿಸಿ, ಐದೂವರೆಗೆ ಪೆಟ್ಟಿಗೆಗೆ ಸೇರಿಸಿ, ಜಗಲಿಯ ಕಂಬಕ್ಕೆ ಒರಗಿ ಕೂತಳು. ಆರೂವರೆಗೆ ಸುಚಿತಾ ಚಹಾ ತಂದಾಗ ಸುಣ್ಣ ಸವರಿದ ಎಲೆ ಅಂಗೈಯಲ್ಲೇ ಇತ್ತು. ಜೀವ ಹೋಗಿತ್ತು. ಅರವತ್ತೆಂಟು ವರ್ಷ. ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ಒಂದು ಮಾತ್ರೆ ನುಂಗಲಿಲ್ಲ.

ಏಳು ಗಂಟೆಗೆ ಏಣಿ ಹೊತ್ತು ಬಂದ ಹನ್ನೆರಡು ಮಂದಿ ಏಣಿಯನ್ನು ಮರಕ್ಕೆ ಒರಗಿಸಿ ಚಟ್ಟಕ್ಕೆ ಬಿದಿರು ಕಡಿಯಲು ಹೋದರು.

ಸುಚಿತಾ ಮುಚ್ಚಳ ಒತ್ತಿದಳು, ಕಂಬಳಿ ಎಳೆದಳು. ಹೊರಗೆ ಬಂದು ಲಕ್ಕಿಗೆ ಏನೂ ಹೇಳಲಿಲ್ಲ.

*

ಪೆಟ್ಟಿಗೆಯ ಕತೆ ಎಂಟು ವರ್ಷ ಹಿಂದಿನದು. ಸುಚಿತಾ ಆ ಮನೆಗೆ ಸೊಸೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಮಂಜಿ ಒಂದು ಮಧ್ಯಾಹ್ನ ಭಟ್ಕಳ ಪೇಟೆಯಿಂದ ಬಂದವಳೇ, ನಿನ್ನೆ ಹಾಕಿದ ಐಸು ಇವತ್ತೂ ಅರ್ಧ ಉಳಿದಿದೆ ಎಂದಳು. ಅದರಲ್ಲಿ ಹೇಳುವಂಥದ್ದು ಏನಿದೆ ಎಂದು ಯಾರೂ ತಲೆ ಎತ್ತಲಿಲ್ಲ. ಮಂಜಿಯ ತಲೆಯಲ್ಲಿ ಮಾತ್ರ ಅದು ಕೂತುಬಿಟ್ಟಿತು. ಹೊರಗಿನ ಬಿಸಿಯನ್ನು ಒಳಗೆ ಬಿಡದ ಪೆಟ್ಟಿಗೆ ಒಳಗಿನ ಬಿಸಿಯನ್ನು ಹೊರಗೆ ಯಾಕೆ ಬಿಡಬೇಕು? ಐಸ್ ಫ್ಯಾಕ್ಟರಿಯವನನ್ನು ಕೇಳಿದಳು. ಅವನು ನಕ್ಕ.

ಬಂದರಿನಲ್ಲಿ ಮೂಲೆ ಒಡೆದ ಪೆಟ್ಟಿಗೆಗಳನ್ನು ರಾಶಿ ಹಾಕಿರುತ್ತಾರೆ. ಒಂದನ್ನು ಹೊತ್ತು ತಂದು, ಬೂದಿ ಹಾಕಿ ತಿಕ್ಕಿ, ಎಂಟು ದಿನ ಬಿಸಿಲಿಗೆ ಇಟ್ಟಳು. ಬೆಕ್ಕು ಅದರ ಸುತ್ತ ಸುತ್ತುವುದನ್ನು ಬಿಟ್ಟ ದಿನ ಪೆಟ್ಟಿಗೆ ಅಡುಗೆಮನೆ ಸೇರಿತು. ಮೊದಲ ದಿನ ಬಿಸಿ ಪಾತ್ರೆಗೆ ಪೆಟ್ಟಿಗೆಯ ತಳವೇ ಕುಗ್ಗಿಹೋಯಿತು. ಇನ್ನೊಂದು ತಂದು ಅದಕ್ಕೆ ಹುಲ್ಲು ಹಾಸಿ ಗೋಣಿ ಸುತ್ತಿದಳು. ಅಕ್ಕಿ ಅರ್ಧ ಬೆಂದಿತು. ಮೇಲೊಂದು ಕಂಬಳಿ ಹೊದಿಸಿದಳು. ನಾಲ್ಕನೆಯ ಸಲ ಕಾಲು ಗಂಟೆಯ ಉರಿಯಲ್ಲಿ ಮನೆಮಂದಿಗೆಲ್ಲ ಗಂಜಿ ಆಯಿತು.

ಊರು ನಗುವುದಕ್ಕೆ ಅಷ್ಟು ಸಾಕಾಯಿತು. ಹೆಚ್ಚು ನಕ್ಕವನು ಅವಳ ಅಣ್ಣ ನಾಗಪತಿ. ತನ್ನೂರು ಅಘನಾಶಿನಿಯಲ್ಲಿ ಮಗಳ ಮದುವೆಯ ಪಂಕ್ತಿಯಲ್ಲಿ ನಿಂತು, "ನಮ್ಮ ಮಂಜಿ ಬೆಂಕಿಗೂ ಕಂಜೂಸು. ಗಂಜಿನ ಮೀನಿನ ಪೆಟ್ಟಿಲಿ ಬೇಯ್ಸ್ತಾಳೆ, ಉಣ್ಣೂಕೆ ಹೋಗುವವ್ರು ಮೂಗು ಮುಚ್ಕಂಡು ಹೋಗಿ" ಅಂದ. ಇನ್ನೂರು ಜನ ನಕ್ಕರು. ಮಂಜಿಯೂ ನಕ್ಕಳು. ಸುಚಿತಾ ಮಾತ್ರ ಅರ್ಧ ಊಟಕ್ಕೇ ಎಲೆ ಮಡಚಿದಳು. ಎಂಥ ಮನೆ ಸೇರಿದೆ ಎಂದು ಅಂದು ರಾತ್ರಿ ಗಂಡ ದಿನಕರನ ಮೇಲೆ ಹರಿಹಾಯ್ದಿದ್ದಳು.

*

ನಾಗಪತಿ ಒಂಬತ್ತೂವರೆಗೆ ಬಂದು ತಂಗಿಯ ತಲೆಯ ಹತ್ತಿರ ಕೂತ. ಹತ್ತು ನಿಮಿಷ ಬಿಟ್ಟು ಮೂಗು ಒರೆಸಿಕೊಂಡು ಎದ್ದವನೇ ಕೆಲಸ ಕೈಗೆ ತಗೊಂಡ. ನೆಂಟರಲ್ಲಿ ಎಲ್ಲಿ ಸಾವಾದರೂ ಮುಂದೆ ನಿಂತು ಮಾಡಿಸುವವನು ಅವನೇ. ಮಡಕೆ ಎಲ್ಲಿ, ಕಟ್ಟಿಗೆ ಸಾಕೋ, ದಿನಕರನಿಗೆ ಸ್ನಾನ ಆಯಿತೋ ಎಂದು ಒಂದೊಂದನ್ನೇ ಕೇಳುತ್ತ ಬಂದು, ಕೊನೆಗೆ ಒಳಗಿನದ್ದೆಲ್ಲ ಹೊರಗೆ ಹೋಯಿತೋ ಎಂದು ಕೇಳಿದ.

ಲಕ್ಕಿ ಸುಚಿತಾಳ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ಗಂಜಿ ಅದೆ, ಮಾವ."

"ಚೆಲ್ಲು."

ಬಾಗಿಲು ಹಾಕು ಅಂದಷ್ಟೇ ಸಹಜವಾಗಿ ಅಂದ. ಊಟ ಲಕ್ಕಿಯ ಮನೆಯಿಂದ ಬರುತ್ತದೆ, ಯಾರೂ ಹಸಿದು ಹೋಗುವುದಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ತಂಗಿ ಬದುಕಿದ್ದಾಗ ಜನ ಆಡಿಕೊಂಡದ್ದು ಸಾಕು, ಸತ್ತ ದಿನವೂ ಆ ಮನೆಯವರಿಗೆ ಗಂಜಿ ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ ಎಂಬ ಮಾತು ಬೇಡ ಎಂದ. ಅವನ ಕಣ್ಣು ಕೆಂಪಾಗಿತ್ತು. ಅವನು ತಂಗಿಯ ಮರ್ಯಾದೆ ಕಾಯಲೆಂದೇ ಹೇಳುತ್ತಿದ್ದಾನೆ ಎಂದು ಸುಚಿತಾಳಿಗೆ ತಿಳಿಯಿತು. ಅದೇ ಅವಳನ್ನು ಇನ್ನಷ್ಟು ಕಷ್ಟಕ್ಕೆ ಸಿಕ್ಕಿಸಿತು. ಸಿಟ್ಟಿನವನಾದರೆ ಎದುರಾಡಬಹುದು. ದಿನಕರನ ಕಡೆ ತಿರುಗಿದಳು. ಅವನು ಒದ್ದೆ ಪಂಚೆಯಲ್ಲಿ ನೆಲ ನೋಡುತ್ತ ಕೂತಿದ್ದ.

*

ಕುಮಟೆಯ ಪೇಟೆಯಲ್ಲಿ ಬೆಳೆದ ಸುಚಿತಾಳಿಗೆ ಈ ಮನೆಗೆ ಬಂದ ಹೊಸದರಲ್ಲಿ ಎಲ್ಲಿ ಕೈ ಹಾಕಿದರೂ ಅತ್ತೆಯ ಒಂದೊಂದು ಉಪಾಯ ಸಿಗುತ್ತಿತ್ತು. ಅಟ್ಟದ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿ. ಮಂಚದ ಅಡಿಯಲ್ಲಿ ಕೆಂಪು ಮಣ್ಣು ಮೆತ್ತಿಟ್ಟ ಹಲಸಿನ ಬೇಳೆ. ಹುಣಸೆಹಣ್ಣು ಕೊಳ್ಳುವ ಬದಲು ಒಣಗಿಸಿಟ್ಟ ಮುರುಗಲು ಸಿಪ್ಪೆ. ಬಚ್ಚಲಲ್ಲಿ ಸವೆದ ಸಾಬೂನಿನ ಚೂರುಗಳನ್ನೆಲ್ಲ ಹರಿದ ಬಲೆಯ ತುಂಡಿನಲ್ಲಿ ಗಂಟು ಕಟ್ಟಿ ತಿಕ್ಕಲು ಇಟ್ಟಿದ್ದಳು. "ನಿಮ್ಮಮ್ಮ ಸಾಬೂನಿಗೂ ಬಲೆ ಹಾಕ್ತಾರೆ" ಎಂದು ಸುಚಿತಾ ದಿನಕರನನ್ನು ಅಣಕಿಸಿದ್ದಳು.

ಮೊದಲ ಮಳೆಗಾಲ ಬಂತು. ಎರಡು ತಿಂಗಳು ಬೋಟುಗಳು ದಡ ಹತ್ತಿದವು, ಬೋಟಿಗೆ ಹೋಗುವ ದಿನಕರ ಮನೆಯಲ್ಲಿ ಕೂತ. ಕೇರಿಯ ಮನೆಮನೆಯಲ್ಲೂ ಗುಸುಗುಸು, ಅಕ್ಕಿ ಸಾಲದೆಂದು ಹೆಂಗಸರ ಓಡಾಟ. ಮಂಜಿಯ ಮನೆಯಲ್ಲಿ ಒಂದು ಹೊತ್ತೂ ಊಟ ತಪ್ಪಲಿಲ್ಲ. ತೂಗುಬಿಟ್ಟ ಸೌತೆಕಾಯಿ ಒಂದೊಂದಾಗಿ ಇಳಿಯಿತು, ಮಣ್ಣಿನೊಳಗಿನ ಬೇಳೆ ಹೊರಬಂತು. ಬೇರೆಯವರ ಮನೆಯಲ್ಲಿ ತಿಂಗಳಿಗೆ ಮುಗಿಯುವ ಗ್ಯಾಸು ಇಲ್ಲಿ ಮೂರನೆಯ ತಿಂಗಳಿಗೂ ಉರಿಯಿತು. ಮಂಜಿ ಯಾರ ಬಾಗಿಲಿಗೂ ಹೋಗಲಿಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ಆಮೇಲೆ ಸುಚಿತಾ ಅಣಕಿಸುವುದನ್ನು ಬಿಟ್ಟಳು.

ಒಂದು ಸಂಜೆ ಹೆದರುತ್ತಲೇ ಹೇಳಿದಳು: ಅಕ್ಕಿಯನ್ನು ರಾತ್ರಿಯೇ ನೆನೆಸಿಟ್ಟರೆ ಬೆಳಿಗ್ಗೆ ಇನ್ನೂ ಕಡಿಮೆ ಉರಿ ಸಾಕೇನೋ. ಮಂಜಿ ಮಾಡಿ ನೋಡಿದಳು. ಕಾಲು ಗಂಟೆಯ ಉರಿ ಐದು ನಿಮಿಷಕ್ಕಿಳಿಯಿತು. ಅವತ್ತಿನಿಂದ ಬಂದರಿನಿಂದ ಭಟ್ಕಳದ ಮೀನುಪೇಟೆಯವರೆಗೆ ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು: "ಪೆಟ್ಟಿ ನಂದು. ಬುದ್ಧಿ ನನ್ನ ಸೊಸೀದು." ತವರಿನಲ್ಲಿ ಯಾರೂ ಅವಳನ್ನು ಹಾಗೆ ಹೊಗಳಿರಲಿಲ್ಲ.

*

"ಮಾವ," ಅಂದಳು ಸುಚಿತಾ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇದು ಮನೆಯವ್ರ ಊಟ ಅಲ್ಲ. ಹೆಂಚಿಗೆ ಬಪ್ಪವ್ರಿಗೆ ಅಂತ ಅತ್ತೆ ಮಾತು ಕೊಟ್ಟು ಬೇಯ್ಸದ್ದು. ಅವ್ರು ಬಂದಾರೆ. ಅತ್ತೆನ್ನೇ ಹೊರೂಕೆ ನಿಂತಾರೆ. ಅವ್ರ ಪಾಲನ್ನ ನಾವು ಚೆಲ್ಲೂದು ಹ್ಯಾಂಗೆ?"

ಬಿದಿರು ಕಟ್ಟುತ್ತಿದ್ದವರ ಕೈ ನಿಂತಿತು.

"ರೂಢಿ ನಾ ಮಾಡದ್ದಲ್ಲ ಮಗಾ. ಹೆಣ ಇದ್ದ ಮನೆ ಅನ್ನ ಉಣ್ಣೂಕಾಗ."

"ಹಾಂಗಾರೆ ನೀವೇ ಚೆಲ್ಲಿ. ಎಂಟು ವರ್ಷದಲ್ಲಿ ಅತ್ತೆ ಒಂದು ಅಗಳು ಚೆಲ್ಲಿದ್ದು ನಾ ನೋಡ್ಲಿಲ್ಲ. ನನ್ನ ಕೈಯಲ್ಲಿ ಆಗೂದಿಲ್ಲ."

ಸೊಸೆಯಾದವಳು ಹಿರಿಯರ ಎದುರು, ಅದೂ ಹೆಣದ ಮುಂದೆ, ಆಡುವ ಮಾತಲ್ಲ ಅದು. ಲಕ್ಕಿ ಕಣ್ಣು ಮುಚ್ಚಿಕೊಂಡಳು. ನಾಗಪತಿ ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನಡೆದ. ಸುಚಿತಾ ಹಿಂದೆಯೇ ಹೋದಳು. ಚೆಲ್ಲಿದರೆ ಚೆಲ್ಲಲಿ, ತಾನು ನೋಡಿಯೇ ತೀರಬೇಕು ಅನ್ನಿಸಿತ್ತು.

ಅವನು ಕಂಬಳಿ ತೆಗೆದ. ಮುಚ್ಚಳ ತೆಗೆದ. ಎಂಟು ವರ್ಷ ಆಡಿಕೊಂಡ ಪೆಟ್ಟಿಗೆಯ ಒಳಗನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಪಾತ್ರೆ ಎತ್ತಲೆಂದು ಎರಡೂ ಕೈ ಹಾಕಿ ಚಟ್ಟನೆ ಹಿಂದೆ ತೆಗೆದ. ಬೆರಳು ಸುಟ್ಟಿತ್ತು. ಬೆರಳನ್ನೂ ಪಾತ್ರೆಯನ್ನೂ ನೋಡಿದ.

"ಯಾವಾಗ ಇಟ್ಟದ್ದು?"

"ಐದೂವರೆಗೆ."

ಆಗ ಹತ್ತೂವರೆ. ನಾಗಪತಿ ಬಟ್ಟೆ ಹಿಡಿದು ಪಾತ್ರೆಯ ತಟ್ಟೆ ಸರಿಸಿದ. ಕೆಂಪು ಅಕ್ಕಿ ಅಗಳು ಅಗಳಾಗಿ ಅರಳಿತ್ತು. ಅಕ್ಕಿ ಎಷ್ಟು ಸೇರು, ಕಟ್ಟಿಗೆ ಎಷ್ಟು ಎಂದು ಕೇಳಿದ. ನಾಲ್ಕು ಸೇರಿಗೆ ಒಂದು ಬುಟ್ಟಿ ಕರಟ, ಕಟ್ಟಿಗೆ ಇಲ್ಲ ಎಂದಳು. ಅವನು ಸೌಟಿನಲ್ಲಿ ಒಂದು ಅಗಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿದ. ಹೊರಗಿನಿಂದ ಯಾರೋ ಕರೆದರೂ ಓಗೊಡಲಿಲ್ಲ. ಆಮೇಲೆ ತಟ್ಟೆ ಮುಚ್ಚಿ, ಪೆಟ್ಟಿಗೆ ಮುಚ್ಚಿ, ಕಂಬಳಿಯನ್ನು ನಾಲ್ಕೂ ಕಡೆ ಒತ್ತಿ ಹೊದಿಸಿದ.

"ಮೊದ್ಲು ಅವಳನ್ನ ಕಳ್ಸಿ ಬರುವ" ಎಂದು ಹೊರಗೆ ಹೋದ. ಅದು ಹೂಂ ಎಂದೋ ಊಹೂಂ ಎಂದೋ ಸುಚಿತಾಳಿಗೆ ತಿಳಿಯಲಿಲ್ಲ.

*

ಹನ್ನೊಂದೂವರೆಗೆ ಮಂಜಿ ಹೊರಟಳು. ಹೆಂಚಿಗೆ ಬಂದ ಹನ್ನೆರಡು ಮಂದಿ ಸರದಿಯಲ್ಲಿ ಹೊತ್ತರು. ನಾಗಪತಿ ಮೊದಲಿನಿಂದ ಕೊನೆಯವರೆಗೆ ಹೆಗಲು ಬದಲಿಸಲು ಒಪ್ಪಲಿಲ್ಲ.

ಉಳಿದ ಹೆಂಗಸರು ಮನೆ ತೊಳೆದು ಮಾವಿನ ಮರದ ನೆರಳಲ್ಲಿ ಕೂತರು. ಮೊದಲು ಅಳು, ಆಮೇಲೆ ಮಾತು. ಮೀನು ತೊಳೆದ ನೀರನ್ನು ಬಸಳೆಗೆ ಹಾಕಲು ತನಗೆ ಕಲಿಸಿದ್ದು ಮಂಜಿ ಎಂದು ಒಬ್ಬಳು ಹೇಳಿದಳು. ಸಾಬೂನಿನ ಬಲೆ ತನ್ನ ಮನೆಯಲ್ಲೂ ಉಂಟು ಎಂದು ಇನ್ನೊಬ್ಬಳು ನಾಚುತ್ತ ಒಪ್ಪಿಕೊಂಡಳು. ಐಸ್ ಪೆಟ್ಟಿಗೆ ಯಾರ ಯಾರ ಮನೆಯಲ್ಲಿದೆ ಎಂದು ಕೇಳಿದರೆ ಇಲ್ಲ ಅನ್ನುವವರೇ ಇರಲಿಲ್ಲ.

"ಮೊದ್ಲು ಹಲ್ಲು ಕಿರ್ದವಳು ನಾನೇ" ಅಂದಳು ಲಕ್ಕಿ. "ಈಗ ಬಂದರಲ್ಲಿ ಒಂದು ಒಡೆದ ಪೆಟ್ಟಿ ಸಿಗೂದಿಲ್ಲ. ಬೆಳಗಾಗೂದ್ರೊಳಗೆ ಯಾರಾದ್ರೂ ಹೊತ್ಕಂಡು ಹೋಗಿರ್ತಾರೆ."

ಅಳುತ್ತಲೇ ನಕ್ಕರು. ಸಾವಿನ ಮನೆಯಲ್ಲಿ ನಗುತ್ತೀರಲ್ಲ ಎಂದು ಒಬ್ಬ ಮುದುಕಿ ಗದರಿದಳು, ಅವಳೂ ನಕ್ಕಳು. ಸುಚಿತಾಳ ಎದೆ ತುಂಬಿ ಬಂತು. ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆಯಿಂದ. ಇಂಥವಳ ಸೊಸೆ ತಾನು ಎಂದು ಯಾರ ಎದುರು ಬೇಕಾದರೂ ನಿಂತು ಹೇಳಬಲ್ಲೆ ಅನ್ನಿಸಿತು. ಆದರೂ ಕಣ್ಣು ಮತ್ತೆ ಮತ್ತೆ ದಾರಿಯ ಕಡೆ ಹೋಗುತ್ತಿತ್ತು. ಆ ಗಂಜಿ ತಿಪ್ಪೆಗೆ ಹೋದರೆ ಇಷ್ಟು ಮಾತಿಗೂ ಅರ್ಥವಿಲ್ಲ.

ಎರಡಾಗುವ ಹೊತ್ತಿಗೆ ಗಂಡಸರು ಬಾವಿಕಟ್ಟೆಯಲ್ಲಿ ಮಿಂದು ನೀರಿಳಿಸುತ್ತ ಬಂದು ಅಂಗಳದಲ್ಲಿ ಕೂತರು. ಲಕ್ಕಿಯ ಮನೆಯಿಂದ ಅನ್ನ, ಸಾರು ಬಂದಿತ್ತು. ಅವಳು ಸೌಟು ಹಿಡಿದು ಮುಂದೆ ಬರುವಾಗ ನಾಗಪತಿ ಕೈ ಅಡ್ಡ ಮಾಡಿದ.

"ಅದು ಆಮೇಲೆ." ಸುಚಿತಾಳ ಕಡೆ ತಿರುಗಿದ. "ಪೆಟ್ಟಿನ ಅಂಗಳಕ್ಕೆ ತಾ. ಹೆಣ ಇದ್ದ ಮಾಡಿನ ಕೆಳಗೆ ಉಣ್ಣೂದು ಬೇಡ."

ಅವಳಿಗಿಂತ ಮೊದಲು ಎದ್ದವನು ದಿನಕರ. ಬೆಳಗಿನಿಂದ ಕಲ್ಲಾಗಿ ಕೂತಿದ್ದವನು ಪೆಟ್ಟಿಗೆಯ ಒಂದು ಬದಿ ಹಿಡಿದ. ಇನ್ನೊಂದು ಬದಿ ಸುಚಿತಾ. ಅಂಗಳದ ನಡುವೆ ಇಳಿಸಿದರು.

"ಮಂಜಿ ನಿಮ್ಗೆ ಅಂತ ಇಟ್ಟದ್ದು" ಎಂದು ನಾಗಪತಿ ಹನ್ನೆರಡು ಮಂದಿಗೆ ಹೇಳಿದ. ಒಬ್ಬೊಬ್ಬರೂ ಬಟ್ಟಲು ಮುಂದೆ ಸರಿಸಿದರು. ಸುಚಿತಾ ಹಾಕುತ್ತ ಹೋದಳು, ಹಿಂದಿನಿಂದ ದಿನಕರ ಉಪ್ಪು ಇಟ್ಟ. ಹನ್ನೆರಡನೆಯವನಿಗೆ ಹಾಕಿ ಸೌಟು ಎತ್ತುವಾಗ ಸಾಲಿನ ಕೊನೆಯಲ್ಲಿ ನಾಗಪತಿ ಬಟ್ಟಲು ಹಿಡಿದು ಕೂತಿದ್ದ.

"ನಂಗೂ ಹಾಕು. ನಾನೂ ಹೊತ್ತೆ."

ಅವಳು ತುಂಬ ಹಾಕಿದಳು. ಅವನು ತುಟಿಗೆ ತಂದು, ತಡೆಯಲಾರದೆ ಇಳಿಸಿ, ಬಟ್ಟಲಿನ ಮೇಲೆ ಬಗ್ಗಿ ಉಫ್ ಉಫ್ ಎಂದು ಊದತೊಡಗಿದ. ಪಕ್ಕದವನೂ ಊದುತ್ತಿದ್ದ, ಅವನ ಪಕ್ಕದವನೂ. ಮಧ್ಯಾಹ್ನ ಎರಡರ ಬಿಸಿಲಲ್ಲಿ, ತಲೆಯ ನೀರು ಇನ್ನೂ ಆರದ ಹದಿಮೂರು ಗಂಡಸರು ಸಾಲಾಗಿ ಕೂತು, ಮಂಜಿ ಬೆಳಗಿನ ಜಾವ ಕುದಿಸಿಟ್ಟ ಗಂಜಿಯನ್ನು ಊದಿ ಊದಿ ಆರಿಸಿಕೊಂಡು ಉಣ್ಣುತ್ತಿದ್ದರು.