ತಂಗಿಯ ಪಾಲಿನ ಸಾಲು

“ಆಮೇಲೆ ಏನು?”

ಇಸ್ತ್ರಿ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆದರೂ ಕೀರ್ತನೆಯ ತನ್ನರ್ಧ ಸಾಲು ಹೇಳಿ ಅಕ್ಕ ಕೇಳಿದಳು; ಕೇಳಿ, ಎಂದಿನಂತೆ ಒಂದು ಉಸಿರಿನಷ್ಟು ಹೊತ್ತು ಕಾದಳು. ಇಸ್ತ್ರಿಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತು, ಅಷ್ಟೇ.

ಅಮ್ಮ ಕಲಿಸಿದ್ದೇ ಹಾಗೆ. ಊಟಕ್ಕೆ ಮೊದಲು ಬೈಬಲಿನ ಕೀರ್ತನೆಯ ಪ್ರತಿ ಸಾಲನ್ನೂ, ಒಂದೇ ಹಣ್ಣನ್ನು ಹೋಳು ಮಾಡಿದ ಹಾಗೆ, ಇಬ್ಬರು ಹೆಣ್ಣುಮಕ್ಕಳಿಗೆ ಹಂಚುತ್ತಿದ್ದಳು. ಮೊದಲರ್ಧ ಅಕ್ಕನಿಗೆ, ಉಳಿದರ್ಧ ತಂಗಿಗೆ. ದೇವರನ್ನು ಕುರುಬನೆನ್ನುವ ಕೀರ್ತನೆಯಲ್ಲಿ, ಕತ್ತಲ ಕಣಿವೆಯಲ್ಲಿ ನಡೆದರೂ ಎನ್ನುವುದು ಅಕ್ಕನ ಪಾಲು. ನೀನು ಜೊತೆಗಿದ್ದೀಯೆ ಎನ್ನುವುದು ತಂಗಿಯ ಪಾಲು. “ಯಾವಾಗ್ಲೂ ನಂಗೇ ಯಾಕೆ ಕತ್ತಲೆ?” ಎಂದು ಅಕ್ಕ ಮುಖ ಊದಿಸಿದರೆ, “ನೀನು ದೊಡ್ಡವಳಲ್ವೇನೇ,” ಎಂದು ಅಮ್ಮ ನಗುತ್ತಿದ್ದಳು.

ಹಾಸಿಗೆ ಹಿಡಿದ ಮೇಲೆ ಅಮ್ಮನದು ಒಂದೇ ಮಾತು: “ಗುಬ್ಬಿ ಬಂದ್ಲಾ?” ಗುಬ್ಬಿ ಎಂದರೆ ತಂಗಿ; ಆಗ ಪರವೂರಿನಲ್ಲಿ ಕೆಲಸಕ್ಕಿದ್ದಳು. “ಬರ್ತಾಳಮ್ಮ,” ಎಂದಳು ಅಕ್ಕ. ಆದರೆ ಹೇಳಿ ಕಳಿಸಲಿಲ್ಲ. ಒಂದೆರಡು ದಿನವಾದರೂ ಅಮ್ಮ ತನ್ನೊಬ್ಬಳವಳಾಗಿರಲಿ ಎಂಬ ಆಸೆ. ಭಾನುವಾರ ತಿಳಿಸಿದರಾಯಿತು ಎಂದುಕೊಂಡಳು. ಅಮ್ಮ ಭಾನುವಾರದವರೆಗೆ ಕಾಯಲಿಲ್ಲ. ಕೊನೆಗಳಿಗೆಯಲ್ಲಿ ಅಕ್ಕ ತನ್ನರ್ಧ ಹೇಳಿದಳು. ಉಳಿದರ್ಧ ಬಾಯಿಗೆ ಬರಲೇ ಇಲ್ಲ. ತಂಗಿ ಬರುವ ಹೊತ್ತಿಗೆ ಶವಪೆಟ್ಟಿಗೆಗೆ ಮೊಳೆ ಬಿದ್ದಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಈಗ ಮೇಜಿನ ಮೇಲಿದ್ದುದು ಚರ್ಚಿನ ಬಲಿಪೀಠದ ಬಿಳಿ ಹಾಸು. ಪ್ರತಿ ಶನಿವಾರ ಅದನ್ನು ಗಂಜಿ ಹಾಕಿ ಗರಿಗರಿ ಮಾಡಿಕೊಡುವುದೇ ಅಕ್ಕನ ಕಾಣಿಕೆ. ಕಳೆದ ವಾರ ಪಾದ್ರಿಗಳು ಸುವಾರ್ತೆಯಿಂದ ಓದಿದ ಯೇಸುವಿನ ಮಾತು ಆ ಬಟ್ಟೆಯ ಮಡಿಕೆಯಲ್ಲೇ ಅಡಗಿ ಕೂತಂತಿತ್ತು. ಒಡಹುಟ್ಟಿದವರಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಅವರ ಹತ್ತಿರ ಹೋಗು. ಎಷ್ಟು ಒತ್ತಿದರೂ ಆ ಮಡಿಕೆ ಹೋಗಲೊಲ್ಲದಾಯಿತು.

ಅಕ್ಕ ಸ್ವಿಚ್ ಆರಿಸಿದಳು.

ಹಾಸು ಒಯ್ಯಲು ಬಂದ ಚರ್ಚಿನ ಗಂಟೆ ಬಾರಿಸುವ ತಾತ ಬಾಗಿಲಲ್ಲೇ ಎದುರಾಗಿ ಒಳಗೆ ಇಣುಕಿದ. “ಇದೇನಮ್ಮಾ, ಇನ್ನೂ ಅರ್ಧ ಸುಕ್ಕು! ನನ್ನ ಮುಖಕ್ಕೆ ಜೋಡಿ ಮಾಡ್ತಿದೀಯಾ?”

“ಅಲ್ಲೇ ಇರ್ಲಿ ತಾತ. ಬಂದು ಮಾಡ್ತೀನಿ.”

“ಯಾವಾಗ?”

“ಗೊತ್ತಿಲ್ಲ.”

ಸೇತುವೆಯಾಚೆ, ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ತಂಗಿ ಗಾಜು ಕೊಯ್ಯುತ್ತಿದ್ದಳು. ಕಂಡೂ ಕಾಣದವಳಂತೆ ಅಳತೆಪಟ್ಟಿ ಇಟ್ಟಳು.

“ಗುಬ್ಬೀ…”

“ಕೊಯ್ಯುವಾಗ ಮಾತಾಡಿಸ್ಬೇಡ. ನಡುವೆ ಕೈ ನಿಂತ್ರೆ ಗಾಜು ಕಂಡಕಂಡ ಕಡೆ ಒಡೆಯುತ್ತೆ.”

ಕಿರ್ರೆಂಬ ಗೆರೆ ಒಂದೇ ಎಳೆತಕ್ಕೆ ಅಂಚು ಮುಟ್ಟಿತು. ತಂಗಿ ಬೆರಳಿಂದ ತಟ್ಟಿದಳು, ಗಾಜು ಎರಡಾಯಿತು.

“ಈಗ ಹೇಳು. ದಾರಿಗೀರಿ ತಪ್ಪಿ ಬಂದ್ಯಾ?”

“ನಾನು ತಪ್ಪಿದ್ದು ಆವತ್ತು ಕಣೇ. ನಿಂಗೆ ಹೇಳಿ ಕಳಿಸ್ಬೇಕಿತ್ತು. ಕಳಿಸ್ಲಿಲ್ಲ. ಅಮ್ಮ ನಂಗೊಬ್ಬಳಿಗೇ ಬೇಕಾಗಿತ್ತು.”

ತಂಗಿ ಗಾಜಿನ ತುಂಡನ್ನು ಪಕ್ಕಕ್ಕಿಟ್ಟಳು. “ಅಮ್ಮ ನನ್ನ ಕೇಳಿದ್ಲಾ?”

“ಉಸಿರಿಗೊಂದ್ಸಲ.”

“ಕೊನೇಲಿ ನನ್ನ ಪಾಲು ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ.”

ತಂಗಿ ಬೆನ್ನು ತಿರುಗಿಸಿ ನಿಂತಳು. ಅಕ್ಕ ಕತ್ತಲ ಕಣಿವೆಯ ತನ್ನರ್ಧವನ್ನು ಮೆಲ್ಲಗೆ ಹೇಳಿ, ಕಾದಳು. ಎದುರಿನ ಗಾಜಿನಲ್ಲಿ ತಂಗಿಯ ತುಟಿ ಅಲುಗಿದ್ದು ಕಂಡಿತು. ಸಾಲು ಬರಲಿಲ್ಲ.

“ನಿನ್ನ ಕೈಯೆಲ್ಲ ಗಂಜಿ,” ಎಂದಳು ತಂಗಿ ಕೊನೆಗೆ, ತಿರುಗಿ ನೋಡದೆ. “ಶನಿವಾರ ಅಲ್ವಾ, ಚರ್ಚಿನ ಬಟ್ಟೆ ಅರ್ಧಕ್ಕೇ ಬಿಟ್ಟು ಬಂದಿದೀಯ. ನಂಗೆ ಕ್ಷಮಿಸೋಕೆ ಆಗ್ತಿಲ್ಲ ಅಕ್ಕ. ಇವತ್ತಂತೂ ಆಗಲ್ಲ. ದಮ್ಮಯ್ಯ, ಹೋಗಿಬಿಡು.”

ಅಕ್ಕ ಎಂಬ ಆ ಕರೆ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಅವಳು ಗಾಜಿನ ಚೂರುಗಳನ್ನು ಕಾಲಿನಿಂದ ಸರಿಸಿ, ಮೂಲೆಯ ಸ್ಟೂಲನ್ನು ತಂಗಿಯ ಪಕ್ಕಕ್ಕೆ ಎಳೆದುಕೊಂಡು ಕೂತಳು.

“ಹೋಗಲ್ಲ.”