ಆರ್ಲನ್ ಬದಲಿಗೆ ನಗುವ ಬುರುಡೆ

ದವಡೆ ಮೂರನೇ ಸಲ ಕಳಚಿ ಬಿದ್ದಾಗ ನಾನು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದೆ. ಬೆಳಗಿನಿಂದ ವೃದ್ಧಾಶ್ರಮದಲ್ಲಿ ಹನ್ನೊಂದು ಜನರನ್ನು ಎತ್ತಿ, ಕೂರಿಸಿ, ಮೀಯಿಸಿ ಬಂದ ಸೊಂಟ ನನ್ನದು. ಮನೆಗೆ ಬಂದರೆ ಪ್ಲಾಸ್ಟಿಕ್ ಬುರುಡೆಯ ಆರೈಕೆ.

"ಸಾಕಪ್ಪಾ ಆರ್ಲನ್. ಈ ವರ್ಷ ಜಗಲಿ ದೀಪ ಆರಿಸಿಬಿಡೋಣ, ಮಕ್ಕಳು ಈ ಕಡೆ ಬರಲ್ಲ. ಊರೇನೂ ಮುಳುಗಿಹೋಗಲ್ಲ."

"ಬೇಡ," ಎಂದ ಅಣ್ಣ.

ಮಾರ್ಚ್‌ನಲ್ಲಿ ಲಕ್ವ ಹೊಡೆದ ಮೇಲೆ ಅವನಲ್ಲಿ ಉಳಿದ ಮಾತುಗಳು ಎರಡೇ, 'ಸರಿ' ಮತ್ತು 'ಬೇಡ'. ಬಲಗೈ ಬಿದ್ದುಹೋಗಿತ್ತು. ಮುಖದ ಬಲಭಾಗ ಜೋತುಬಿದ್ದು, ಕುಡಿದ ಹಾಲು ಆ ಕಡೆಯಿಂದ ಸೋರುತ್ತಿತ್ತು. ಅದಕ್ಕೇ ಹೆಗಲ ಮೇಲೆ ಸದಾ ಒಂದು ಟವೆಲು. ಅಂದಿನಿಂದ ಅವನು ಹೊಸ್ತಿಲು ದಾಟಿಲ್ಲ. ಪಕ್ಕದ ಮನೆಯವರು ಬಂದರೂ ಒಳಕೋಣೆ ಸೇರಿಬಿಡುತ್ತಿದ್ದ.

ಅಮೆರಿಕದ ನಮ್ಮ ಡೆ ಮೋಯ್ನ್‌ನಲ್ಲಿ ಹ್ಯಾಲೋವೀನ್‌ಗೆ ವೇಷ ಹಾಕಿ ಮನೆಮನೆಗೆ ಬರುವ ಮಕ್ಕಳು ಸುಮ್ಮನೆ ಚೀಲ ಒಡ್ಡಿದರೆ ಮಿಠಾಯಿ ಸಿಗುವುದಿಲ್ಲ. ಒಂದು ಜೋಕು ಹೇಳಬೇಕು, ಮನೆಯವರು ಅದನ್ನು ಪೂರ್ತಿ ಕೇಳಬೇಕು. ಮೂವತ್ತು ವರ್ಷ ಆರ್ಲನ್ ಇದೇ ಜಗಲಿಯಲ್ಲಿ ಕೂತು ನಕ್ಕಿದ್ದಾನೆ. ಎಂಥ ಸಪ್ಪೆ ಜೋಕಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಗುವಿಗಾಗಿ ಮೂರು ಬೀದಿ ಆಚೆಯ ಮಕ್ಕಳೂ ಬರುತ್ತಿದ್ದರು. ಈ ಸಲ ಅವನು ಯಾರಿಗೂ ಮುಖ ತೋರಿಸುವುದಿಲ್ಲ, ಆದರೆ ನಗು ಮಾತ್ರ ನಿಲ್ಲಬಾರದು. ಎಂಥ ಹಟ ನೋಡಿ!

ವಾಷಿಂಗ್ ಮೆಷಿನ್ ರಿಪೇರಿ ಮಾಡಿ ಬದುಕಿದವನು, ಎಡಗೈಯಲ್ಲೇ ಸೊಟ್ಟಸೊಟ್ಟ ಚಿತ್ರ ಬರೆದುಕೊಟ್ಟ. ಕೈ ಆಡಿಸಬೇಕಾದವಳು ನಾನು. ಹಳೆಯ ಟ್ರಕ್ಕಿನ ವೈಪರ್ ಮೋಟರು, ಅದಕ್ಕೊಂದು ತಂತಿ, ತಂತಿಯ ತುದಿಗೆ ದವಡೆ. ಮೋಟರು ಹಾಕಿದರೆ ದವಡೆ ಅಡುಗೆಮನೆಯ ಆ ಮೂಲೆಗೆ ಹಾರುತ್ತಿತ್ತು. ಅಣ್ಣ ಹಳೆಯ ಫೋನಿನ ಚಾರ್ಜರ್ ಕಡೆ ಬೆರಳು ತೋರಿಸಿದ. ಕರೆಂಟು ಕಡಿಮೆಯಾಗಿ ಮೋಟರು ನಿಧಾನವಾಯಿತು, ದವಡೆ ಮೆಲ್ಲಗೆ ಬಾಯ್ತೆರೆದು ಮುಚ್ಚಿತು. ಹಳೆಯ ವಿಡಿಯೊ ಒಂದರಿಂದ ಅವನದೇ ನಗು ತೆಗೆದು ಸ್ಪೀಕರಿಗೆ ಹಾಕಿದೆ. ಗುಂಡಿ ಒತ್ತಿದರೆ ಬುರುಡೆ ನಮ್ಮ ಆರ್ಲನ್ ಹಾಗೆಯೇ ನಕ್ಕಿತು. ನನಗೆ ಅಳು ಬಂತು. ಅವನು "ಸರಿ" ಎಂದ.

ಹ್ಯಾಲೋವೀನ್ ಸಂಜೆ ಆರಕ್ಕೆ ಬುರುಡೆ ಅವನ ಕುರ್ಚಿಯಲ್ಲಿ ಅವನದೇ ಟೋಪಿ ಹಾಕಿಕೊಂಡು ಕೂತಿತು. ಅಣ್ಣ ಒಳಗೆ ಕಿಟಕಿ ಪರದೆಯ ಹಿಂದೆ ಗಾಲಿಕುರ್ಚಿಯಲ್ಲಿ ಗುಂಡಿ ಹಿಡಿದು ಕೂತ. ಮಿಠಾಯಿ ಬುಟ್ಟಿ ನನ್ನ ಮಡಿಲಲ್ಲಿ. ಮಕ್ಕಳು ಬಂದರು, ಜೋಕು ಹೇಳಿದರು, ಬುರುಡೆ ನಕ್ಕಿತು, ಹೋದರು. ಯಾರೂ ನಿಲ್ಲಲಿಲ್ಲ. ಏಳರ ಹೊತ್ತಿಗೆ ನನಗೆ ಕಣ್ಣು ಎಳೆಯುತ್ತಿತ್ತು. ಅವನ ಬೆರಳೂ ಸೋತಿರಬೇಕು.

ಮೂಲೆಮನೆಯ ಬ್ರಿನ್ ಬಂದಳು. ಏಳು ವರ್ಷದವಳು, ಬಸವನಹುಳುವಿನ ವೇಷ.

"ಒಂದು ಅಸ್ಥಿಪಂಜರ ಹೋಟ್ಲಿಗೆ ಹೋಯ್ತಂತೆ. ಏನ್ ಬೇಕು ಅಂತ ಕೇಳಿದ್ರೆ..."

ಬುರುಡೆ ಹೊಹ್ಹೊಹ್ಹೋ ಎಂದು ನಕ್ಕಿತು.

"ಏಯ್! ನಾನಿನ್ನೂ ಮುಗಿಸೇ ಇಲ್ಲ!"

"ಆಯ್ತು ಪುಟ್ಟಿ, ತಗೋ ಚಾಕ್ಲೆಟ್ಟು."

"ನಂಗ್ ಬೇಡ. ಜೋಕ್ ಕೇಳ್ದೆ ಹೆಂಗ್ ನಗುತ್ತೆ ಇದು? ಮೋಸ! ಆರ್ಲನ್ ಅಂಕಲ್ ಯಾವತ್ತೂ ಹಿಂಗ್ ಮಾಡಿಲ್ಲ. ಎಲ್ಲಿ ಅವ್ರು? ಅವ್ರಿಗೇ ಹೇಳ್ತೀನಿ."

"ಅವ್ರಿಗೆ ಹುಷಾರಿಲ್ಲಮ್ಮ."

"ಕಿವಿ ಕೇಳ್ಸುತ್ತಲ್ಲ?"

ಅಷ್ಟರಲ್ಲಿ ಒಳಗಿನಿಂದ ಕಿಟಕಿ ಗಾಜಿನ ಮೇಲೆ ಟಕ್ ಟಕ್ ಎಂದಿತು. ನಾನು ಒಳಗೆ ಹೋದೆ. ಅಣ್ಣ ಗುಂಡಿಯನ್ನು ನೆಲಕ್ಕೆ ಹಾಕಿ ಬಾಗಿಲ ಕಡೆ ಕೈ ತೋರಿಸಿದ.

"ನಿಜವಾಗ್ಲೂನಾ?"

"ಸರಿ."

ಗಾಲಿಕುರ್ಚಿಯನ್ನು ಜಗಲಿಗೆ ತಂದೆ. ಬ್ರಿನ್ ಅವನ ಜೋತ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೆನ್ನ ಮೇಲಿನ ಚಿಪ್ಪು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದಳು.

"ಒಂದು ಅಸ್ಥಿಪಂಜರ ಹೋಟ್ಲಿಗೆ ಹೋಯ್ತಂತೆ. ಏನ್ ಬೇಕು ಅಂತ ಕೇಳಿದ್ರೆ, ಒಂದು ಲೋಟ ಹಾಲು, ಒಂದು ಒರೆಸೋ ಬಟ್ಟೆ ಅಂತಂತೆ!"

ಏಳು ತಿಂಗಳಿಂದ ದಿನಕ್ಕೆ ನಾಲ್ಕು ಸಲ ಆ ಗದ್ದ ಒರೆಸಿದವಳು ನಾನು. ಒರೆಸುವಾಗಲೆಲ್ಲ ಅವನು ಗೋಡೆ ನೋಡುತ್ತಿದ್ದ. ಯಾಕಾದರೂ ಹೊರಗೆ ಕರೆತಂದೆನೋ ಎನಿಸಿತು.

ಅಣ್ಣ ಕತ್ತು ತಿರುಗಿಸಿ ಹೆಗಲ ಮೇಲಿನ ಟವೆಲನ್ನು ನೋಡಿದ. ಎಡಗೈಯಲ್ಲಿ ಅದನ್ನು ಎತ್ತಿ ಬ್ರಿನ್‌ಗೆ ತೋರಿಸಿದ. ಗಂಟಲಿನಿಂದ ಎಂಥದೋ ಗೊರಗೊರ ಶಬ್ದ ಬಂತು. ಅದು ನಗು ಎಂದು ತಿಳಿಯಲು ನನಗೆ ಹೊತ್ತು ಬೇಕಾಯಿತು, ಅವಳಿಗೆ ಬೇಕಾಗಲಿಲ್ಲ. ಅವಳೂ ಬಿದ್ದು ಬಿದ್ದು ನಕ್ಕಳು. ಅವನ ಗದ್ದದ ಮೇಲೆ ಜೊಲ್ಲು ಇಳಿಯಿತು. ನಾನು ಒರೆಸಲು ಹೋದರೆ ಕೈ ತಳ್ಳಿ, ತಾನೇ ಒರೆಸಿಕೊಂಡ.

"ಈಗ ಕೊಡಿ ಚಾಕ್ಲೆಟ್ಟು," ಎಂದಳು ಬ್ರಿನ್.

ಮಕ್ಕಳು ಬರುವುದು ಎಂಟರವರೆಗೆ, ಅದಕ್ಕಿನ್ನೂ ಮುಕ್ಕಾಲು ಗಂಟೆಯಿತ್ತು. ನಾನು ಬುರುಡೆಯ ಪ್ಲಗ್ಗು ಕಿತ್ತು, ಅದರ ತಲೆಯಿಂದ ಟೋಪಿ ತೆಗೆದು ಅಣ್ಣನ ತಲೆಗಿಟ್ಟೆ.