ಫಕ್ಕೀರವ್ವನ ಬಲಗೈ

"ಏಯ್, ಕೈ ತಗಿ! ಮೊದಲ ಕೈ ತಗಿ ನೀ!"

ಜಯವ್ವ ಕೈ ತೆಗೆಯಲಿಲ್ಲ. ತೆಗೆದರೆ ಸಿಕ್ಕ ನರ ಮತ್ತೆ ಜಾರಿಬಿಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಸರಸ್ವತೀಬಾಯಿಯವರ ಮೊಳಕೈಯ ಒಳಮಡಿಕೆಯಲ್ಲಿ ತೋರುಬೆರಳು ಒತ್ತಿಕೊಂಡೇ, "ಕೊಟ್ರೇಶಣ್ಣಾ, ಇಲ್ಲೈತಿ ನೋಡು. ಲಗೂನ ಹಾಕು," ಎಂದಳು.

ಲ್ಯಾಬಿನಲ್ಲಿ ರಕ್ತ ತೆಗೆಯುವ ಕೊಟ್ರೇಶ ಅಷ್ಟರಲ್ಲಿ ಮೂರು ಕಡೆ ಚುಚ್ಚಿ ಸೋತಿದ್ದ. ಮುದುಕಿಯ ತೋಳಿನ ಮೇಲೆ ಮೂರು ಹತ್ತಿಯುಂಡೆಗಳು ಅಂಟಿಕೊಂಡಿದ್ದವು. ಜಯವ್ವನ ಬೆರಳಿದ್ದ ಜಾಗಕ್ಕೇ ಸೂಜಿ ಇಳಿಸಿದ. ಕಪ್ಪುಗೆಂಪು ರಕ್ತ ಸರ್ರನೆ ನಳಿಕೆಗೆ ನುಗ್ಗಿತು.

"ಕಸಾ ಹೊಡ್ಯಾಕಿ ಅಲ್ಲೇನು ಅಕಿ? ಯಾವ ಓಣ್ಯಾಕಿ?" ಸರಸ್ವತೀಬಾಯಿಯವರು ಕೌಂಟರಿನ ಕಡೆ ತಿರುಗಿದರು. "ಪ್ರಭುಲಿಂಗಪ್ಪಾ! ಕಂಡಕಂಡವರ ಕೈಲೆ ಮುಟ್ಟಸ್ತೀ ಏನಪಾ ನಮ್ಮನ್ನ?"

ಮಾಲಕ ಪ್ರಭುಲಿಂಗಪ್ಪ ಕೌಂಟರಿನಿಂದ ಎದ್ದು ಓಡಿಬಂದ. "ತಪ್ಪಾತ್ರಿ ಬಾಯಾರ. ಕೊಟ್ರೇಶಾ, ಸ್ಪಿರಿಟ್ ತಗೊಂಡ ಒರಸೋ. ಛಲೋತ್ನ್ಯಾಗ ಒರಸು." ಆಮೇಲೆ ಜಯವ್ವನ ಕಡೆ ತಿರುಗಿ ಹಲ್ಲು ಕಡಿದ. "ನಿನ್ನ ಯಾರ ಕರದಿದ್ರು ಇಲ್ಲಿ, ಹಲ್ಕಟ್ ರಂಡೆ? ಬಕೀಟು, ಕಸಬರಿಗಿ, ನಿಂದು ಅಷ್ಟ."

ಸ್ಪಿರಿಟ್ ಒರೆಸುವುದು ಸೂಜಿ ಚುಚ್ಚುವ ಮೊದಲು. ಅವತ್ತು ಚುಚ್ಚಿದ ಮೇಲೂ ಒರೆಸಿದರು. ಮೊಳಕೈಯಿಂದ ಮಣಿಕಟ್ಟಿನವರೆಗೆ, ಎರಡು ಸಲ. ಬಕೆಟ್ಟು ಹಿಡಿದು ಬಾಗಿಲ ಸಂದಿಯಲ್ಲಿ ನಿಂತ ಜಯವ್ವ ಅದನ್ನೆಲ್ಲ ನೋಡಿದಳು.

ಬ್ಯಾಡಗಿಯ ಆ ಲ್ಯಾಬಿನಲ್ಲಿ ಅವಳದು ಎಂಟು ವರ್ಷದ ದುಡಿಮೆ. ಬಳಸಿದ ಸೂಜಿಗಳ ಡಬ್ಬಿ ಹೊರುವುದು, ರಕ್ತ ಪರೀಕ್ಷೆಯ ಯಂತ್ರ ಕೆಳಗೆ ಬಿಡುವ ಕೊಳೆನೀರಿನ ಡ್ರಮ್ಮು ಬಗ್ಗಿಸುವುದು, ನೆಲ ಒರೆಸುವುದು. ಮಕ್ಕಳು ರಚ್ಚೆ ಹಿಡಿದಾಗ ಕೈ ಒತ್ತಿ ಹಿಡಿಯಲು ಅವಳನ್ನೇ ಕರೆಯುತ್ತಿದ್ದರು. ಹಿಡಿದು ಹಿಡಿದು ಅವಳ ಬೆರಳು ತಾನಾಗಿ ಕಲಿತುಬಿಟ್ಟಿತ್ತು. ಚರ್ಮದ ಕೆಳಗೆ ಎಲ್ಲಿ ಮೆತ್ತಗೆ ಪುಟಿಯುತ್ತದೆ, ಎಲ್ಲಿ ಹುರಿಯಂತೆ ಜಾರುತ್ತದೆ, ಎಲ್ಲಿ ಆಳದಲ್ಲಿ ಡವಡವ ಬಡಿದುಕೊಳ್ಳುತ್ತದೆ, ಅವಳು ಕಣ್ಣು ಮುಚ್ಚಿಯೂ ಹೇಳುತ್ತಿದ್ದಳು. ಕೊಟ್ರೇಶ ಯಾರೂ ಇಲ್ಲದಾಗ, "ಜಯಕ್ಕಾ, ಒಂದೀಟ ಬಾ ಇಲ್ಲಿ," ಎಂದು ಕರೆಯುತ್ತಿದ್ದ. ಅವಳು ಜಾಗ ತೋರಿಸಿ ಹೊರಗೆ ಹೋಗಿಬಿಡುತ್ತಿದ್ದಳು. ಅಷ್ಟು ಜನರ ರಿಪೋರ್ಟಿನ ಹಿಂದೆ ಅವಳ ಬೆರಳಿದೆ ಎಂಬುದನ್ನು ಯಾರಿಗೂ ಯಾರೂ ಹೇಳಿರಲಿಲ್ಲ.

ಇದಾಗಿ ತಿಂಗಳಿಗೆ ಹೊಸ ಯಂತ್ರ ಬಂತು.

ಅದರ ಜೊತೆ ಕಂಪನಿಯ ವಿಜಯೇಂದ್ರ ಬಂದ. ತೆಳ್ಳಗಿನ ಹುಡುಗ, ಮೆತ್ತನೆ ಮಾತು. ತೋಳು ಇಡಲು ಒಂದು ದಿಂಬು, ಅದರ ಮೇಲೆ ಬೀಳುವ ಹಸಿರು ಬೆಳಕು, ಬೆಳಕಿನ ಮಗ್ಗುಲಲ್ಲಿ ಸೂಜಿ ಹಿಡಿದ ಉಕ್ಕಿನ ಕೈ. ಬೆಳಕು ನರ ಹುಡುಕುತ್ತದೆ, ಉಕ್ಕಿನ ಕೈ ಚುಚ್ಚುತ್ತದೆ, ತುಂಬಿದ ನಳಿಕೆ ತಾನೇ ಉರುಳಿ ಪಕ್ಕದ ಪೆಟ್ಟಿಗೆಗೆ ಹೋಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ರಿಪೋರ್ಟಿನ ಕಾಗದ ಹೊರಬರುತ್ತದೆ.

"ಇನ್ನ ಯಾರ ಬಟ್ಟೂ ಬ್ಯಾಡ," ಎಂದು ಪ್ರಭುಲಿಂಗಪ್ಪ ಎಲ್ಲರಿಗೂ ಕೇಳುವಂತೆ ಅಂದ.

ಆದರೆ ಯಂತ್ರ ಇನ್ನೂ ಪಳಗಬೇಕಿತ್ತು. ಒಂದು ಮಧ್ಯಾಹ್ನ ವಿಜಯೇಂದ್ರ ಜಯವ್ವನನ್ನು ಒಳಗೆ ಕರೆದು ಕುರ್ಚಿ ಎಳೆದುಕೊಟ್ಟ.

"ಕುಂದರ್ರಿ ಅವ್ವಾರ. ಅಂಜಬ್ಯಾಡ್ರಿ, ಕುಂದರ್ರಿ."

ಎಂಟು ವರ್ಷದಲ್ಲಿ ಆ ಲ್ಯಾಬಿನ ಕುರ್ಚಿಯ ಮೇಲೆ ಅವಳು ಕುಳಿತದ್ದು ಅದೇ ಮೊದಲು.

"ನಮಗ ಇನ್ನೂರು ಮಂದಿ ಕೈ ಬೇಕಾಗ್ಯಾವ. ನಿಮ್ಮ ಓಣಿ ಮಂದೀನ್ನ ಕರಕೊಂಡ ಬರ್ರಿ. ಅವರಿಗೆ ಪುಕಟ ತಪಾಸಣಿ ಆಗ್ತದ, ನಮಗೂ ಕೆಲಸ ಆಗ್ತದ."

ಜಯವ್ವ ಮನೆಮನೆಗೆ ಹೋದಳು. ಅವಳ ಓಣಿಯ ಹೆಂಗಸರೆಲ್ಲ ಮೆಣಸಿನಕಾಯಿ ಗೋಡೌನಿನಲ್ಲಿ ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವವರು. ಆ ಗೋಡೌನೂ ಪ್ರಭುಲಿಂಗಪ್ಪನ ಮನೆತನದ್ದೇ. ಜುಬೇದಾ ಒಬ್ಬಳು ಮಾತ್ರ ಎದುರಾಡಿದಳು.

"ಅಲ್ಲಬೇ ಜಯಕ್ಕಾ, ಪ್ಯಾಟಿ ಮಂದಿ ಕೈ ಯಾಕ ಬ್ಯಾಡಾದ್ವಂತ ಅವರಿಗೆ?"

"ಸುಮ್ಕಿರಬೇ. ಆ ಹುಡುಗ ಭಾಳ ಛಲೋ ಅದಾನ. ನನಗ ಅವ್ವಾರ ಅಂತಾನ."

ಮಗಳು ಫಕ್ಕೀರವ್ವ ಬರಲು ಒಪ್ಪಿರಲಿಲ್ಲ. ಎಂಟು ತಿಂಗಳ ಕೂಸಿನ ತಾಯಿ ಅವಳು. ಹೆರಿಗೆಯಾದಾಗಿನಿಂದ ನಿಂತಲ್ಲೇ ತಲೆ ತಿರುಗುತ್ತಿತ್ತು. "ನನಗ ಸೂಜಿ ಅಂದ್ರ ಅಂಜಿಕಿ ಯವ್ವಾ," ಅಂದಳು.

"ಮೈಯಾಗ ರಕ್ತ ಎಷ್ಟೈತಿ ಗೊತ್ತರ ಆಕ್ಕೈತಿ ಬಾ ನನ್ನವ್ವ. ನಾ ಬಾಜೂಕ ಇರ್ತೇನಿ," ಎಂದು ಜಯವ್ವನೇ ಕರೆತಂದಳು.

ಗೋಡೌನಿನ ಒಂದು ಮೂಲೆ ಗುಡಿಸಿ ಯಂತ್ರ ಇಟ್ಟಿದ್ದರು. ಘಾಟಿಗೆ ವಿಜಯೇಂದ್ರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀನುತ್ತಿದ್ದ. ಹೆಂಗಸರು ಸಾಲಾಗಿ ನಿಂತು, ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ, ಒಬ್ಬೊಬ್ಬರಾಗಿ ದಿಂಬಿನ ಮೇಲೆ ತೋಳಿಟ್ಟರು. ಜಯವ್ವನ ತೋಳಿನ ಮೇಲೆ ಮೊದಲೇ ಹನ್ನೊಂದು ಸಲ ಯಂತ್ರ ಓಡಿಸಿ ನೋಡಿದ್ದರು. ಅವಳ ನರ ಕುರುಡನಿಗೂ ಸಿಗುವಂಥದು.

ಫಕ್ಕೀರವ್ವನ ತೋಳು ಸೊರಗಿತ್ತು, ಕಪ್ಪಗಿತ್ತು. ಹಸಿರು ಬೆಳಕು ಅದರ ಮೇಲೆ ಆ ಕಡೆ ಈ ಕಡೆ ಅಲೆದಾಡಿತು. ಉಕ್ಕಿನ ಕೈ ಇಳಿಯಿತು, ಬರಿ ಸೂಜಿ ಮೇಲೆ ಬಂತು. ಬೆಳಕು ಮತ್ತೆ ಹುಡುಕಿ ಮೊಳಕೈಯ ಒಳಬದಿಗೆ ಸರಿದು ನಿಂತಿತು.

ಜಯವ್ವ ಬಾಗಿ ನೋಡಿದಳು. "ಸಾಹೇಬ್ರ, ಅದು ಜಾಗ ಅಲ್ರಿ. ಅಲ್ಲಿ ಒಳಗ ಬಡಕೊಂತೈತಿ."

ವಿಜಯೇಂದ್ರ ನಕ್ಕ. "ಅದಕ್ಕ ಒಳಗ ಕಾಣ್ತದ ಅವ್ವಾರ. ನಿಮಗ ಕಾಣೂದಿಲ್ಲ."

"ಇಲ್ರಿ ಸಾಹೇಬ್ರ..."

"ನಿನ್ನ ಶ್ಯಾಣೇತನ ಬ್ಯಾಡ ಇಲ್ಲಿ!" ಹಿಂದಿನಿಂದ ಪ್ರಭುಲಿಂಗಪ್ಪ ಗದರಿದ. "ಅಕಿ ಭುಜ ಹಿಡಿ. ಅಲಗಾಡಬಾರ್ದು."

ಜಯವ್ವ ಹಿಡಿದಳು. ಎರಡೂ ಕೈಯಿಂದ ಮಗಳ ಭುಜ ಒತ್ತಿ ಹಿಡಿದಳು.

ಸೂಜಿ ಇಳಿದ ಕೂಡಲೇ ಫಕ್ಕೀರವ್ವ ಚೀರಿದಳು. "ಯವ್ವಾ! ಕರೆಂಟ್ ಹೊಡದಂಗಾತು! ಬಟ್ಟಿನ ತುದೀ ಮಟಾ ಹೊಡೀತು! ಬಿಡಬೇ ಯವ್ವಾ, ಬಿಡು!"

"ಹಿಡೀರಿ, ಹಿಡೀರಿ, ಬರಾಕತ್ತದ," ಅಂದ ವಿಜಯೇಂದ್ರ, ಪರದೆಯನ್ನೇ ನೋಡುತ್ತ. ರಕ್ತ ಬರುತ್ತಿತ್ತು. ಎಂದಿನ ಕಪ್ಪುಗೆಂಪಲ್ಲ, ತಿಳಿಗೆಂಪು, ಚಿಮ್ಮಿ ಚಿಮ್ಮಿ ಬರುತ್ತಿತ್ತು. ನಳಿಕೆ ತುಂಬುವವರೆಗೂ ಜಯವ್ವ ಬಿಡಲಿಲ್ಲ.

ಸಂಜೆಗೆ ಮೊಳಕೈ ಊದಿ ನೀಲಿಗಟ್ಟಿತು. ನಾಲ್ಕು ದಿನಕ್ಕೆ ಊತ ಇಳಿಯಿತು. ಐದನೆಯ ದಿನ ಫಕ್ಕೀರವ್ವ ಗೋಡೌನಿಗೆ ಹೋದಳು, ಮಧ್ಯಾಹ್ನದೊಳಗೇ ತಿರುಗಿ ಬಂದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ತುಂಬು ಮುರಿಯಲು ಬೇಕಾದ ಆ ಮೂರು ಬೆರಳುಗಳೇ ಮಾತು ಕೇಳುತ್ತಿರಲಿಲ್ಲ. ಕಾಯಿ ಹಿಡಿದರೆ ಜಾರಿ ಬೀಳುತ್ತಿತ್ತು. ಮೇಸ್ತ್ರಿ ಅವಳ ಮುಂದಿನ ರಾಶಿಯನ್ನು ಬೇರೆಯವಳ ಮುಂದಕ್ಕೆ ಸರಿಸಿದ್ದ.

ತುಂಬು ಮುರಿಯುವವರ ಬೆರಳು ದಿನಾ ಸಂಜೆ ಬೆಂಕಿಯಂತೆ ಉರಿಯುತ್ತದೆ. ಜಯವ್ವ ಎಂದಿನಂತೆ ಬಟ್ಟಲಲ್ಲಿ ಮಜ್ಜಿಗೆ ತಂದು ಮಗಳ ಮುಂದಿಟ್ಟಳು. ಫಕ್ಕೀರವ್ವ ಎಡಗೈ ಅದ್ದಿದಳು. ಬಲಗೈ ಮಡಿಲಲ್ಲೇ ಇತ್ತು.

"ಆ ಕೈನೂ ಇಡ ನನ್ನವ್ವ."

"ಇದು ಉರಿಯಾಕತ್ತಿಲ್ಲಬೇ ಯವ್ವಾ," ಅಂದಳು ಫಕ್ಕೀರವ್ವ. "ಏನೂ ಆಗವಲ್ದು."

ಜಯವ್ವ ಬಟ್ಟಲು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಮಗಳಿಗೆ ಕೇಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹುಬ್ಬಳ್ಳಿಯ ಡಾಕ್ಟರು ಬೆರಳುಗಳನ್ನು ಬಗ್ಗಿಸಿ ನೋಡಿ, "ನರಕ್ಕೆ ಪೆಟ್ಟಾಗೇದ," ಎಂದರು.

"ನರ ಸಿಕ್ಕಿತ್ತಲ್ರಿ, ರಕ್ತ ಬಂತಲ್ರಿ," ಅಂದಳು ಜಯವ್ವ.

"ಅದು ರಕ್ತದ ನರ. ಇದು ಬ್ಯಾರೆ. ಕೈಗೆ ಜೀವಾ ಕೊಡೂ ನರ, ಅದರ ಮಗ್ಗಲದಾಗ ಇರ್ತದ. ತಿರುಗಿ ಬಂದರ ಬಂತು, ಇಲ್ಲಂದ್ರ ಇಲ್ಲ. ಯಾರು ಚುಚ್ಚಿದ್ರು?"



ಪ್ರಭುಲಿಂಗಪ್ಪನ ಮುಂದೆ ತಾಯಿ ಮಗಳು ನಿಂತಾಗ ಅವನು ಚಹಾ ಕುಡಿಯುತ್ತಿದ್ದ. ಕಪಾಟಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಡಿದ.

"ಇದು ಯಾರ ಹೆಬ್ಬಟ್ಟು? ಏನರ ಆದ್ರ ತಾನ ಜವಾಬ್ದಾರಳು ಅಂತ ಒಪ್ಪಿ ಒತ್ತ್ಯಾಳ ನಿನ್ನ ಮಗಳು."

"ಓದಾಕ ಬರೂದಿಲ್ರಿ ಅಕಿಗೆ, ಅದ್ಯಾವ ಭಾಷೇನೋ..."

"ಹಂಗಾರ ಒತ್ತಬಾರದಿತ್ತು. ಕೂಸಿನ್ನ ಎತ್ತಿ ಎತ್ತಿ ಜೋಮು ಹಿಡದಿರಬೇಕು. ನಮ್ಮ ಮಶಿನ್ ಮ್ಯಾಲ ಹಾಕ್ತೀರಿ ಬೋಸುಡ್ಯಾರು." ಆಮೇಲೆ ದನಿ ತಗ್ಗಿಸಿದ. "ಬಾಯಿ ಮುಚಗೊಂಡಿದ್ರ ಗೋಡೌನಿನ್ಯಾಗ ಕಸಾ ಹೊಡ್ಯಾಕ ಹಚಗೊಂತೇನಿ ಇಕಿನ್ನ. ಎಡಗೈ ಐತಲ್ಲ?"

ಫಕ್ಕೀರವ್ವ ಮೇಜಿನ ಮೇಲಿನ ತನ್ನ ಹೆಬ್ಬೆಟ್ಟಿನ ಗುರುತನ್ನೇ ನೋಡುತ್ತ ನಿಂತಿದ್ದಳು.

ಹೊರಗೆ ಬರುವಾಗ ಕೊಟ್ರೇಶ ಜಯವ್ವನನ್ನು ನೀರಿನ ಟಾಕಿಯ ಹಿಂದೆ ಕರೆದ. "ಯಾರ ಮುಂದೂ ಹೇಳಬ್ಯಾಡ ಜಯಕ್ಕಾ. ಮಶಿನ್‌ದಾಗ ಎಲ್ಲಾರ ಹೆಸರು ಬರದೈತಿ. ಫಕ್ಕೀರವ್ವನ ಹೆಸರಿನ ಮುಂದ ಯಶಸ್ವಿ ಅಂತ ಐತಿ. ಎರಡನೇ ಸಲಕ್ಕ ರಕ್ತ ಬಂತಲ್ಲ, ಅದಕ್ಕ."

"ಚೀರಿದ್ದು?"

"ಚೀರಿದ್ದು ಬರಿಯಾಕ ಅದರಾಗ ಜಾಗಾ ಇಲ್ಲ."

ಎರಡು ತಿಂಗಳಾಯಿತು. ಫಕ್ಕೀರವ್ವ ಎಡಗೈಯಿಂದ ಗೋಡೌನಿನ ಕಸ ಹೊಡೆದಳು, ಎಡಗೈಯಿಂದ ಕೂಸಿಗೆ ಉಣಿಸಿದಳು. ಜಯವ್ವ ಡ್ರಮ್ಮು ಬಗ್ಗಿಸುತ್ತ, ನೆಲ ಒರೆಸುತ್ತ ಯಾರೊಂದಿಗೂ ಮಾತಾಡಲಿಲ್ಲ. ಅವಳು ತಣ್ಣಗಾದಳು ಎಂದುಕೊಂಡ ಪ್ರಭುಲಿಂಗಪ್ಪ, ಯಂತ್ರ ಉದ್ಘಾಟನೆಯ ಹಿಂದಿನ ದಿನ ಅವಳ ಕೈಗೆ ಹೊಸ ಸೀರೆಯ ಪೊಟ್ಟಣ ಕೊಟ್ಟ.

"ನಾಳೆ ಎಲ್ಲಾರ ಮುಂದ ನೀನ ಕುಂದರಬೇಕು. ನಿನ್ನ ಕೈಯಾಗ ರಕ್ತ ಒಂದ ಸಲಕ್ಕ ಬರ್ತೈತಿ. ಜಳಕಾ ಮಾಡ್ಕೊಂಡ ಬಾ."

ಮರುದಿನ ಲ್ಯಾಬಿನ ಮುಂದಿನ ಪಡಸಾಲೆ ತುಂಬಿತ್ತು. ಹಾವೇರಿ, ರಾಣೇಬೆನ್ನೂರಿನ ಡಾಕ್ಟರುಗಳು ಮುಂದಿನ ಸಾಲಿನಲ್ಲಿದ್ದರು. ಹಿಂದೆ ಪೇಟೆಯ ದಲಾಲರು. ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮಲ್ಲಿಗೆ ಮಾಲೆ ಹಾಕಿದ್ದರು. ಜಯವ್ವ ಹಳೆಯ ಸೀರೆಯಲ್ಲೇ, ಬಿಚ್ಚದ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕುರ್ಚಿಯ ಮೇಲೆ ಕುಳಿತು ದಿಂಬಿನ ಮೇಲೆ ತೋಳಿಟ್ಟಳು. ಹಸಿರು ಬೆಳಕು ಅವಳ ಚರ್ಮದ ಮೇಲೆ ಬಿತ್ತು. ವಿಜಯೇಂದ್ರ ಮೈಕು ಹಿಡಿದ.

"ಇನ್ನೂರು ಜನರ ಮೇಲೆ ಪ್ರಯೋಗ ಮಾಡಿದ್ದೇವೆ. ಒಬ್ಬರಿಗೂ ಯಾವ ತೊಂದರೆಯೂ ಆಗಿಲ್ಲ."

ಜಯವ್ವ ತೋಳು ತೆಗೆದುಕೊಂಡಳು.

"ಸುಳ್ಳರಿ," ಅಂದಳು. ದನಿ ಸಣ್ಣದಿತ್ತು. ಮೈಕು ಹತ್ತಿರವೇ ಇದ್ದದ್ದರಿಂದ ಪಡಸಾಲೆಗೆಲ್ಲ ಕೇಳಿತು. "ಒಂದು ಕೈ ಸತ್ತೈತ್ರಿ. ನನ್ನ ಮಗಳದು. ನಾನ ಹಿಡಕೊಂಡ ಕೊಟ್ಟೇನಿ."

ವಿಜಯೇಂದ್ರ ಮೈಕು ಕೆಳಗಿಳಿಸಿದ. ಪ್ರಭುಲಿಂಗಪ್ಪ ನಗುತ್ತಲೇ ಹತ್ತಿರ ಬಂದು ಹಲ್ಲು ಕಚ್ಚಿ, "ಕುಂದರಲೇ ರಂಡೆ," ಅಂದ. ಜಯವ್ವ ಎದ್ದು ನಿಂತಳು. ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

"ಬರ್ರಿ ಮಾಲಕ್ರ. ನಮ್ಮ ಮಂದೀದು ಇನ್ನೂರು ಕೈ ಆದ್ವು. ಈಗ ನಿಮ್ಮದೊಂದ ಇಡ್ರಿ."

"ಹುಚ್ಚ ಹಿಡದೈತ್ರಿ ಇಕಿಗೆ! ಕೊಟ್ರೇಶಾ, ಎಳದ ಒಗಿಯೋ ಹೊರಗ!"

ಕೊಟ್ರೇಶ ನೆಲ ನೋಡುತ್ತ ನಿಂತಲ್ಲೇ ನಿಂತ.

"ನಿಮ್ಮದು ಬ್ಯಾಡಾ? ನಿಮ್ಮ ಮನಿ ಹೆಣಮಕ್ಕಳದು ಇಡಸ್ರಿ. ಭುಜಾ ಹಿಡಕೊಳ್ಳಾಕ ನಾ ಅದೇನಿ." ಜಯವ್ವ ಮುಂದಿನ ಸಾಲಿನ ಕಡೆ ತಿರುಗಿದಳು. "ಡಾಕ್ಟರ್ ಸಾಹೇಬ್ರ, ನೀವರ ಬರ್ರಿ. ಯಾರರ ಒಬ್ರು ಬರ್ರಿ. ಹೆಬ್ಬಟ್ಟು ಒತ್ತೂದು ಬ್ಯಾಡ."

ಯಾರೂ ಏಳಲಿಲ್ಲ. ಸೆಕೆಗೆ ಅಂಗಿಯ ತೋಳು ಮಡಚಿಕೊಂಡು ಕುಳಿತಿದ್ದ ಒಬ್ಬ ಡಾಕ್ಟರು ಸದ್ದಿಲ್ಲದೆ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಹಾಕಿಕೊಂಡರು. ಬರಿ ದಿಂಬಿನ ಮೇಲೆ ಹಸಿರು ಬೆಳಕು ಆ ಕಡೆ ಈ ಕಡೆ ಅಲೆದಾಡುತ್ತಿತ್ತು.

ಜಯವ್ವ ಸೀರೆಯ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದಳು. ಬೆನ್ನ ಹಿಂದೆ ಪ್ರಭುಲಿಂಗಪ್ಪನ ಬೈಗುಳ ಶುರುವಾಯಿತು. ಪೊಲೀಸರ ಹೆಸರೂ ಕೇಳಿಬಂತು.

ರಸ್ತೆಯಾಚೆ ಬೇವಿನ ಮರದ ಕೆಳಗೆ ಫಕ್ಕೀರವ್ವ ಕೂಸನ್ನು ಮುಂದೆ ಬಿಟ್ಟುಕೊಂಡು ಕೂತಿದ್ದಳು. ಒಳಗೆ ಹೋಗುವ ಮುಂಚೆ ಜಯವ್ವ ಅವಳಿಗೆ ಎಲ್ಲ ಹೇಳಿದ್ದಳು. ಜಯವ್ವ ಅವಳ ಮಗ್ಗುಲಲ್ಲಿ ಕುಸಿದು ಕುಳಿತಳು.

"ಏನಾತಬೇ ಯವ್ವಾ? ಯಾರರ ಇಟ್ರೇನು ಕೈ?"

"ಯಾರೂ ಇಡಲಿಲ್ಲ ನನ್ನವ್ವ."

ಕೂಸು ಅಂಬೆಗಾಲಿಟ್ಟು ರಸ್ತೆಯ ಕಡೆ ಹೊರಟಿತ್ತು. ಫಕ್ಕೀರವ್ವ ಅದನ್ನೇ ನೋಡುತ್ತ, "ಏ, ಆ ಕಡೆ ಬ್ಯಾಡೋ ಮಂಗ್ಯಾ, ಬಾ ಇಲ್ಲೆ," ಎಂದು ಕರೆಯತೊಡಗಿದಳು. ಜಯವ್ವ ಮಗಳ ಮಡಿಲಲ್ಲಿದ್ದ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ತೋರುಬೆರಳಿನ ತುದಿಗೆ ತನ್ನ ಉಗುರು ಊರಿ ಮೆಲ್ಲಗೆ ಒತ್ತಿದಳು. ಮಗಳ ಮುಖ ನೋಡಿದಳು. ಇನ್ನಷ್ಟು ಒತ್ತಿದಳು. ಚರ್ಮ ಹರಿದು ರಕ್ತದ ಹನಿಯೊಂದು ಮೂಡಿತು.

ಫಕ್ಕೀರವ್ವ ಕೂಸನ್ನು ನೋಡಿ ನಗುತ್ತ ಕರೆಯುತ್ತಲೇ ಇದ್ದಳು.